ಚಿರತೆ ಬಂದ ಮಧ್ಯಾಹ್ನ

ಹೆಸರುಕಾಳು ಬೇಯುವ ವಾಸನೆ ಬಂದರೆ ಈಗಲೂ ನಮ್ಮೂರ ಅಂಗನವಾಡಿಯ ಆ ಮಧ್ಯಾಹ್ನ ನೆನಪಾಗುತ್ತದೆ. ನನಗಾಗ ನಾಲ್ಕು ವರ್ಷ. ಹಿಂದಿನ ಬಂಡೆಯ ಮೇಲೆ ಚಿರತೆ ಬಂದಿದೆಯೆಂದು ಯಾರೋ ಕೂಗಿದರು. ಆಯಾ ಜಯಮ್ಮ ಬಾಗಿಲಿಗೆ ಚಿಲಕ ಹಾಕಿ, ಮಕ್ಕಳನ್ನೆಲ್ಲ ಮೂಲೆಯಲ್ಲಿ ತಬ್ಬಿಕೊಂಡು ಕೂತಳು. ಭಯಕ್ಕೆ ನಾನು ಅವಳ ಮಡಿಲಲ್ಲೇ ಉಚ್ಚೆ ಹೊಯ್ದೆ. ಅವಳು ಗದರಲಿಲ್ಲ. ಒರಟು ಅಂಗೈಯಿಂದ ಬೆನ್ನು ಸವರುತ್ತಾ, "ಅಳ್ಬ್ಯಾಡ ಕಣ್ ಮಗ, ನಾನಿಲ್ವಾ?" ಅಂದಳು. ಅವಳ ಕಣ್ಣು ಮಾತ್ರ ಕಿಟಕಿಯಲ್ಲೇ ಇತ್ತು.

ಊರವರು ತಮಟೆ ಬಡಿದು ಚಿರತೆಯನ್ನು ಓಡಿಸಿದ ಮೇಲೆ ನಮ್ಮವ್ವ ಬಂದಳು. "ನಿನ್ ಮಗ್ಳೆಲ್ಲಿ ಜಯಕ್ಕ?"

"ಕುರಿ ಹೊಡ್ಕೊಂಡು ಬಂಡೆ ತಾವ್ಕೇ ಹೋದ್ಲು ಕಣವ್ವ," ಎಂದವಳೇ ನನ್ನನ್ನು ಅವ್ವನ ಕೈಗೆ ಕೊಟ್ಟು ಬರಿಗಾಲಲ್ಲಿ ಓಡಿದಳು.

ಮಗಳು ದಾರಿಯಲ್ಲೇ ಎದುರಾದಳು. ಜಯಮ್ಮ ಅವಳ ಕೆನ್ನೆಗೊಂದು ಬಾರಿಸಿ, ಬಾಚಿ ತಬ್ಬಿಕೊಂಡು, ರಸ್ತೆಯಲ್ಲೇ ಕೂತುಬಿಟ್ಟಳು.