ಅರಸರ ಪಾಲು

ನಮ್ಮ ಸಂಸ್ಥಾನದಲ್ಲಿ ಯಾರ ಮನೆಯಲ್ಲಿ ಸಾವಾದರೂ ದುಃಖದಲ್ಲಿ ಅರ್ಧ ಪಾಲು ಅರಸರಿಗೆ ಹೋಗುತ್ತದೆ. ರಾಜ್ಯಭಾರವೆಲ್ಲ ಮಂತ್ರಿಗಳದು, ಅರಸರಿಗೆ ಉಳಿದಿರುವುದು ಇದೊಂದೇ ಕೆಲಸ. ಹಾಗಾಗಿಯೇ ನನ್ನ ಹೆಂಡತಿ ಭಾಗೀರಥಿ ತೀರಿಕೊಂಡ ಮೇಲೂ ನಾನು ಹೊತ್ತಿಗೆ ಸರಿಯಾಗಿ ಸ್ನಾನ ಮಾಡಿ, ಒಂದು ತುತ್ತು ಉಣ್ಣುತ್ತಿದ್ದೆ.

ಇಂದು ಅರಸೊತ್ತಿಗೆ ಬೇಕೋ ಬೇಡವೋ ಎಂದು ಮತದಾನ ನಡೆಯಿತು. ಸಾಲಿನಲ್ಲಿ ನನ್ನ ಹಿಂದೆ ನೆರೆಮನೆಯ ಚೆನ್ನಪ್ಪ ನಿಂತಿದ್ದ.

“ಶಾಸ್ತ್ರಿಗಳೇ, ‘ಬೇಡ’ ಅಂತ ಒತ್ತಿಬಿಟ್ಟೀರಾ ಮತ್ತೆ! ಅರ್ಧಕ್ಕೇ ಹಿಂಗೆ ಸೊರಗಿದೀರಿ, ಪೂರ್ತಿ ಬಂದ್ರೆ ತಡ್ಕೋತೀರಾ?”

ಗೋಡೆಯ ಮೇಲೆ ಅರಸರ ಪಟವಿತ್ತು. ಈಗಷ್ಟೇ ಮೀಸೆ ಚಿಗುರಿದ ಮುಖ, ತಲೆಗೂದಲೆಲ್ಲ ಬೆಳ್ಳಗೆ. ಭಾಗೀರಥಿ ದಿನವೂ ಪೂಜೆಯ ಕೊನೆಯಲ್ಲಿ, “ಆ ಮಗೂನೂ ಒಂದು ದಿನ ನಗೋ ಹಾಗೆ ಮಾಡಪ್ಪಾ ತಂದೆ” ಎಂದು ಬೇಡಿಕೊಳ್ಳುತ್ತಿದ್ದಳು.

ನಾನು ‘ಬೇಡ’ ಒತ್ತಿದೆ.

ಸಂಜೆ ರೇಡಿಯೋದಲ್ಲಿ ಫಲಿತಾಂಶ ಬಂತು. ಅರಸೊತ್ತಿಗೆ ಮುಗಿದಿತ್ತು. ಅರಮನೆಯಿಂದ ಹೊರಬರುವಾಗ ಅರಸರು ನಕ್ಕರಂತೆ.

ದೇವರ ದೀಪ ಹಚ್ಚಲೆಂದು ಡಬ್ಬಿ ತೆರೆದು, ಭಾಗೀರಥಿ ಹೊಸೆದಿಟ್ಟಿದ್ದ ಬತ್ತಿಯೊಂದನ್ನು ಎತ್ತಿಕೊಂಡೆ. ನಿನ್ನೆಯೂ ಅದೇ ಡಬ್ಬಿಯ ಬತ್ತಿಯನ್ನೇ ಹಚ್ಚಿದ್ದೆ. ಇಂದು ಅದನ್ನು ಸುಡಲು ಕೈ ಬರಲಿಲ್ಲ. ಬತ್ತಿಯನ್ನು ಎದೆಗೊತ್ತಿಕೊಂಡು ಕತ್ತಲಲ್ಲೇ ಕುಳಿತುಬಿಟ್ಟೆ.