ಮನೆ ಖಾಲಿ ಮಾಡತಕ್ಕದ್ದು

ಹೊಲಿಗೆಯಮ್ಮ ಪರದೇಶದ ಸೈನ್ಯದ ಮೇಲೆ ದಾವೆ ಹೂಡಿದ್ದಾಳೆ ಎಂಬ ಸುದ್ದಿ ಕೇಳಿ ಊರಿನವರು ಮೊದಲು ನಕ್ಕರು, ಆಮೇಲೆ ಕೋರ್ಟಿನ ಬಾಗಿಲಲ್ಲಿ ಬಂದು ತುಂಬಿಕೊಂಡರು. ನಾಲ್ಕು ರಸ್ತೆ ಕೂಡುವಲ್ಲಿದ್ದ ಅವಳ ಮಹಡಿ ಮನೆಯಲ್ಲಿ ಈಗ ಒಬ್ಬ ಕ್ಯಾಪ್ಟನ್ನೂ ಅವನ ಸಿಪಾಯಿಗಳೂ ಇದ್ದರು. ಅವಳು ಎದುರು ಸಾಲಿನ ತಂಗಿಯ ಅಡುಗೆಮನೆಯಲ್ಲಿ ಮಲಗಿ, ಬೆಳಗಾದರೆ ತನ್ನ ತಾರಸಿಯ ಮೇಲೆ ಒಣಗುವ ಅವರ ಚಡ್ಡಿಗಳನ್ನು ನೋಡುತ್ತ ಹಲ್ಲುಜ್ಜುತ್ತಿದ್ದಳು. ಊರು ಹಿಡಿದ ದಿನವೇ ಸೈನ್ಯದವರು ಗೋಡೆಗೋಡೆಗೂ ಪ್ರಕಟಣೆ ಅಂಟಿಸಿದ್ದರು: ಹಳೆಯ ಕಾನೂನೇ ನಡೆಯುತ್ತದೆ, ಕೋರ್ಟುಗಳು ಎಂದಿನಂತೆ ತೆರೆದಿರುತ್ತವೆ. ಊರಲ್ಲಿ ಆ ಮಾತನ್ನು ನಿಜವೆಂದು ಹಿಡಿದವಳು ಇವಳೊಬ್ಬಳೇ.

ಜಡ್ಜರಿಗೆ ನಿವೃತ್ತಿ ಹತ್ತಿರವಿತ್ತು. ಕಣ್ಣು ಮುಚ್ಚಿಕೊಂಡು ಕೇಳುವ ಅಭ್ಯಾಸದವರು. ನಿಮ್ಮ ದೂರು ಏನಮ್ಮ ಎಂದು ಕೇಳಿದರು.

"ನೆಂಟ ಆದ್ರೆ ಹೇಳಿ ಬರ್ತಾನೆ, ಕಳ್ಳ ಆದ್ರೆ ಹೇಳದೆ ಹೋಗ್ತಾನೆ. ಇವರು ಬರುವಾಗ್ಲೂ ಹೇಳಲಿಲ್ಲ, ಹೋಗೋ ಮಾತೂ ಆಡ್ತಿಲ್ಲ. ಇವರನ್ನ ಏನಂತ ಕರೀಬೇಕು ಅಂತ ಕೇಳೋಕೆ ಬಂದೆ ಸ್ವಾಮಿ."

ಸೈನ್ಯದ ದೊಡ್ಡವರು ಇದನ್ನು ತಮಾಷೆ ಎಂದುಕೊಂಡು, ಮನೆಯಲ್ಲಿದ್ದ ಕ್ಯಾಪ್ಟನ್ನನ್ನೇ ಉತ್ತರ ಹೇಳಲು ಕಳಿಸಿದ್ದರು. ಊರಿನ ಭಾಷೆ ಕಲಿತಿದ್ದ, ಮರ್ಯಾದೆಯ ಮನುಷ್ಯ. ಆ ಮನೆಯಿಂದ ನಾಲ್ಕೂ ರಸ್ತೆ ಕಾಣುತ್ತವೆ, ಕಾವಲಿಗೆ ಅದೇ ಬೇಕು ಎಂದ. ಒಂದು ತಟ್ಟೆಯೂ ಒಡೆದಿಲ್ಲ. ಬಚ್ಚಲಿನ ಸೋರುವ ನಲ್ಲಿಯನ್ನು ನಾನೇ ಸರಿಮಾಡಿಸಿದ್ದೇನೆ. ಊರಿನ ರಸ್ತೆಗುಂಡಿ ಮುಚ್ಚಿಸಿದವರೂ ನಾವೇ ಎಂದ. ಸುಳ್ಳೇನೂ ಅಲ್ಲ. ಬಾಗಿಲಲ್ಲಿ ನಿಂತಿದ್ದವರಲ್ಲಿ ಒಂದಿಬ್ಬರು ತಲೆಯಾಡಿಸಿದರು ಕೂಡ.

"ಸೋರ್ತಿದ್ರೂ ಅದು ನನ್ನ ನಲ್ಲಿ" ಎಂದಳು ಹೊಲಿಗೆಯಮ್ಮ.

ಈ ಕಾವಲು ಎಲ್ಲಿಯವರೆಗೆ ಎಂದು ಜಡ್ಜರು ಕೇಳಿದರು. ಊರು ಶಾಂತವಾಗುವವರೆಗೆ ಎಂದ ಕ್ಯಾಪ್ಟನ್. ಈಗ ಶಾಂತವಾಗಿಯೇ ಇದೆಯಲ್ಲ ಎಂದರೆ, ನಾವಿರುವುದರಿಂದ ಶಾಂತವಾಗಿದೆ ಎಂದ. ಜಡ್ಜರು ಕಣ್ಣು ತೆರೆದರು. "ಅಂದ್ರೆ ಗಲಾಟೆ ಇದ್ರೂ ನೀವಿರಬೇಕು, ಇಲ್ಲದಿದ್ರೂ ನೀವಿರಬೇಕು." ತೀರ್ಪನ್ನು ಮರುದಿನಕ್ಕೆ ಇಟ್ಟರು.

ಸಂಜೆ ಜಡ್ಜರ ಮನೆಯಲ್ಲಿ ಹೆಂಡತಿ ಊಟಕ್ಕೆ ಬಡಿಸುತ್ತ ಅವರ ಮುಖ ನೋಡಿಯೇ ತೀರ್ಪು ಏನೆಂದು ತಿಳಿದುಕೊಂಡರು. ಹಗಲು ಕಂಡ ಬಾವಿಗೆ ರಾತ್ರಿ ಬೀಳುವವರನ್ನು ನೋಡಿದ್ದೇನೆ, ನೀವು ಹಗಲಲ್ಲೇ ಬೀಳಲು ಹೊರಟಿದ್ದೀರಿ ಎಂದರು. ಜಡ್ಜರು ತುತ್ತು ಕೈಯಲ್ಲೇ ಹಿಡಿದು ಕೂತರು. ಜೀವಮಾನವೆಲ್ಲ ಬಾಡಿಗೆ ಕಟ್ಟಲಾಗದ ಬಡಪಾಯಿಗಳನ್ನು ಮನೆ ಬಿಡಿಸಿದ್ದೇನೆ, ಅವರು ಮರುಮಾತಾಡದೆ ಬಿಟ್ಟು ಹೋದರು. ಮಾತು ಕೇಳುವವರ ಮೇಲೆ ಮಾತ್ರ ನಡೆದರೆ ಅದು ಕಾನೂನಲ್ಲ, ದಬ್ಬಾಳಿಕೆ ಎಂದರು. ಬೆಳಗ್ಗೆ ಹೆಂಡತಿ ಅವರ ಕಪ್ಪು ಕೋಟನ್ನು ಧೋಬಿಗೆ ಕೊಡದೆ ತಾವೇ ಇಸ್ತ್ರಿ ಮಾಡಿಕೊಟ್ಟರು.

ಒಡತಿಯ ಒಪ್ಪಿಗೆಯಿಲ್ಲದೆ, ಕೊನೆಯಿಲ್ಲದ ನೆಪ ಹೇಳಿಕೊಂಡು ಇರುವವರಿಗೆ ಆ ಮನೆಯಲ್ಲಿ ಇರಲು ಹಕ್ಕಿಲ್ಲ. ಈ ದಿನವೇ ಮನೆ ಖಾಲಿ ಮಾಡತಕ್ಕದ್ದು ಎಂದು ಜಡ್ಜರು ಓದಿದರು. ಆದೇಶವನ್ನು ಮನೆಗೆ ಮುಟ್ಟಿಸಬೇಕಾದ ಅಮೀನ ಕಾಗದ ಹಿಡಿದು ನಿಂತಲ್ಲೇ ನಿಂತಿದ್ದ. ಅವನಿಗೆ ಚಿಕ್ಕ ಮಕ್ಕಳು. ಜಡ್ಜರು ಕೆಳಗಿಳಿದು ಬಂದು ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡರು, ಹೋಗಿ ಊಟ ಮಾಡು ಎಂದರು, ಕೋಟು ತೊಟ್ಟುಕೊಂಡೇ ರಸ್ತೆಗಿಳಿದರು. ಹೊಲಿಗೆಯಮ್ಮ ಮೊದಲು ನಾಲ್ಕು ಹೆಜ್ಜೆ ಹಿಂದಿದ್ದಳು, ಅಂಗಡಿ ಸಾಲು ದಾಟುವಾಗ ಪಕ್ಕಕ್ಕೆ ಬಂದಳು. ದಾರಿಯಲ್ಲಿ ಅಂಗಡಿಯವರು ಎದ್ದು ನಿಂತರು. ಯಾರೂ ಜೊತೆಗೆ ಬರಲಿಲ್ಲ.

ಗೇಟಿನಲ್ಲಿ ಸಿಪಾಯಿ ಬಂದೂಕು ಅಡ್ಡ ಹಿಡಿದ. ಕ್ಯಾಪ್ಟನ್ ಹೊರಗೆ ಬಂದು ಅವನನ್ನು ಸರಿಸಿ, ಆದೇಶವನ್ನು ಪೂರ್ತಿ ಓದಿದ. ಅವನ ಮುಖದಲ್ಲಿ ನಗುವಿರಲಿಲ್ಲ.

"ಸಾರ್, ಇದನ್ನ ಜಾರಿ ಮಾಡೋರು ಯಾರು?"

"ಇವತ್ತು ಯಾರೂ ಇಲ್ಲ" ಎಂದರು ಜಡ್ಜರು.

"ನಾಳೆ ಕೋರ್ಟಿಗೆ ಬೀಗ ಬೀಳುತ್ತೆ. ನಿಮ್ಮನ್ನೂ ಬಿಡಲ್ಲ. ಅದು ನನ್ನ ಕೈಲಿಲ್ಲ."

"ನಾಳೇದು ನಾಳೆ. ಇವತ್ತು ಕೋರ್ಟು ತೆರೆದಿದೆ." ಜಡ್ಜರು ಜೇಬಿನಿಂದ ಪೆನ್ನು ತೆಗೆದು ಮುಂದೆ ಹಿಡಿದರು. "ನಿನ್ನೆ ತನಕ, ಇದು ತಪ್ಪು ಅಂತ ನಂಗೆ ಯಾರೂ ಹೇಳಲಿಲ್ಲ ಅನ್ನಬಹುದಿತ್ತು ನೀವು. ಇನ್ನು ಹಾಗನ್ನೋಕಾಗಲ್ಲ. ಮುಟ್ಟಿತು ಅಂತ ಇಲ್ಲೊಂದು ರುಜು ಹಾಕಿ."

ಕ್ಯಾಪ್ಟನ್ ಗೇಟಿನ ಕಂಬಕ್ಕೆ ಕಾಗದವನ್ನು ಒತ್ತಿ ಹಿಡಿದು ರುಜು ಹಾಕಿದ. ಪೆನ್ನು ವಾಪಸು ಕೊಟ್ಟು, ಮನೆಯ ಕಡೆ ತಿರುಗಿ ನಡೆದ. ಬಾಗಿಲು ತೆರೆದೇ ಇತ್ತು. ಹೊಸ್ತಿಲವರೆಗೆ ಹೋದವನು ನಿಂತುಬಿಟ್ಟ. ಹಿಂತಿರುಗಿ, ಗೇಟಿನಾಚೆ ನಿಂತಿದ್ದ ಹೊಲಿಗೆಯಮ್ಮನನ್ನು ನೋಡಿದ.

ಅವಳು "ಒಳಗೆ ಬನ್ನಿ" ಎನ್ನಲಿಲ್ಲ.