ಬೆನ್ನ ಹಿಂದಿನ ನೀರು

ಬೆನ್ನ ಹಿಂದೆ ನೀರು ಚಿಮುಕಿಸುವ ಸದ್ದು ನಿಂತುಹೋಯಿತು. ಎಳ್ಳಮಾವಾಸ್ಯೆಗೆ ಭೂಮಿತಾಯಿಯ ಎಡೆಯಾದ ಚರಗ ಚೆಲ್ಲುತ್ತಿದ್ದ ಕೊಟ್ರಬಸಪ್ಪನ ಕೈ ಬಿದಿರು ಪುಟ್ಟಿಯಲ್ಲೇ ಉಳಿಯಿತು. ರಾರಾವಿಯ ಹೊಲದ ಆಳೆತ್ತರದ ಜೋಳದಲ್ಲಿ ಅವನು ಕಡುಬು, ಪುಂಡಿಪಲ್ಯ ಚೆಲ್ಲುತ್ತ ಮುಂದೆ ನಡೆದರೆ, ಏಳು ತಿಂಗಳ ಬಸುರಿ ಹೆಂಡತಿ ಸುವರ್ಣಮ್ಮ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ಹಿಂದೆ ಬರಬೇಕು.

“ಹುಲಿಗ್ಯೋ” ಎಂದು ಚರಗದ ಕೂಗು ಹಾಕಿದ. ಮರುಕೂಗು ಬರಲಿಲ್ಲ. “ಲೇ ಸುವರ್ಣಿ?” ಜೋಳದ ಗರಿ ಮಾತ್ರ ಸರಗುಟ್ಟಿತು. ಹಾವೋ? ಬಿದ್ದಳೋ? ಚರಗ ಚೆಲ್ಲುವವನು ತಿರುಗಿ ನೋಡಿದರೆ ಭೂಮಿತಾಯಿ ಮುನಿಯುತ್ತಾಳೆ. ಹೋದ ವರ್ಷ ಅವನು ನೋಡಿದ್ದ. ಆಮೇಲೆ ಅವಳ ಮೊದಲ ಬಸಿರು ಇಳಿದಾಗ, “ಇವ ಹೊಳ್ಳಿ ನೋಡಿದ್ದಕ್ಕ ಹಿಂಗಾತು” ಎಂದು ಅವ್ವ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಅವನ ಕುತ್ತಿಗೆ ಕಲ್ಲಾಯಿತು. ನೋಡಿದರೆ ಕೂಸು ಹೋದೀತು, ನೋಡದಿದ್ದರೆ ಇವಳೇ ಹೋದಾಳು.

ಹಲ್ಲು ಕಚ್ಚಿ ತಿರುಗಿಯೇಬಿಟ್ಟ. ಸುವರ್ಣಮ್ಮ ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದಳು.

“ಓ ಅನ್ನಾಕ ಏನಾಗಿತ್ತು ನಿನಗ?”

“ಬಾಯಾಗ ನೀರಿತ್ರಿ.” ಅಷ್ಟರಲ್ಲಿ ಅವಳಿಗೂ ಹೊಳೆಯಿತು. “ಹೊಳ್ಳಿ ನೋಡಿಬಿಟ್ರೇನು?” ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ಇಬ್ಬರೂ ಉಸಿರು ಹಿಡಿದು ನಿಂತರು. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಕಣ್ಣಿಗಿಳಿಯಿತು.

“ಒದೀತೈತಿ” ಎಂದಳು ಕೊನೆಗೆ. ಆಮೇಲೆ ಅವನ ಕೈಯಿಂದ ಪುಟ್ಟಿ ಕಸಿದುಕೊಂಡು ತಂಬಿಗೆ ಹಿಡಿಸಿದಳು. “ಇನ್ನ ನಾ ಮುಂದ, ನೀವು ಹಿಂದ. ಹಿಂದ ಬರೋರು ಮುಂದ ನೋಡಬಾರದು ಅಂತ ನಿಮ್ಮವ್ವ ಹೇಳಿಲ್ಲಲ್ಲ.”